ಫ್ಯಾನ್ಸಿ ಡ್ರೆಸ್ಸಿಗೆ ಬಾಡಿಗೆ ಅಂಗಡಿಗೆ ಓಡೋ ಮುಂಚೆ ಮನೆ ಬೀರು ತೆಗೀರಿ

ಸ್ಕೂಲ್ ಗ್ರೂಪಲ್ಲಿ ರಾತ್ರಿ ಮೆಸೇಜ್ ಬರುತ್ತೆ, ಶನಿವಾರ ಛದ್ಮವೇಷ ಅಂತ, ಮಾರನೇ ದಿನ ಎಲ್ಲಾ ಅಪ್ಪ ಅಮ್ಮಂದಿರೂ ಬಾಡಿಗೆ ಅಂಗಡಿ ಮುಂದೆ. ಆ ಡ್ರೆಸ್ ಹೇಗಿರುತ್ತೆ ಗೊತ್ತಲ್ಲ, ಚುಚ್ಚೋ ಜರಿ, ಅಳತೆ ಸರಿ ಇರಲ್ಲ, ಅದರ ಮೇಲೆ ಡಿಪಾಸಿಟ್ ಬೇರೆ. ಮನೇಲೇ ಮಾಡೋದಾದ್ರೆ ಪಾತ್ರ ಫಿಕ್ಸ್ ಮಾಡಿ ಸಾಮಾನು ಹುಡುಕ್ಬೇಡಿ, ಮನೇಲಿ ಏನೇನಿದೆ ನೋಡ್ಕೊಂಡು ಪಾತ್ರ ಫಿಕ್ಸ್ ಮಾಡಿ, ಅರ್ಧ ಖರ್ಚು ಅಲ್ಲೇ ಉಳಿಯುತ್ತೆ.

ನನ್ನ ಕೇಳಿದ್ರೆ ದುಡ್ಡಿಲ್ದಾಗ ಒನಕೆ ಓಬವ್ವನ್ನ ಬಿಟ್ರೆ ಬೇರೆ ಪಾತ್ರ ಇಲ್ಲ. ಚಿತ್ರದುರ್ಗದ ಕೋಟೆ ಕಾವಲುಗಾರನ ಹೆಂಡತಿ ಆಕೆ, ರಾಣಿ ಅಲ್ಲ, ಕಿರೀಟ ಹಾರ ಏನೂ ಬೇಡ, ಮಾಸಿದ ಕಾಟನ್ ಬಟ್ಟೇನೇ ಸರಿಯಾಗಿ ಹೊಂದೋದು. ಆದ್ರೆ ಪುಟ್ಟ ಮಗೂಗೆ ಆರು ಗಜದ ಸೀರೆ ಸುತ್ತೋಕೆ ಹೋಗ್ಬೇಡಿ, ಹಳೇ ದುಪ್ಪಟ್ಟಾ ಎರಡು ಸಾಕು. ಮೊದಲು ಅದೇ ಬಣ್ಣದ ಲೆಗ್ಗಿಂಗ್ಸ್ ಹಾಕ್ಸಿ. ಒಂದು ದುಪ್ಪಟ್ಟಾನ ಹಿಂದಿನಿಂದ ಸೊಂಟಕ್ಕೆ ಸುತ್ತಿ ಮುಂದೆ ಗಂಟು ಹಾಕಿ, ಒಂದು ತುದೀನ ಕಾಲ ಮಧ್ಯೆ ತಗೊಂಡು ಹೋಗಿ ಹಿಂದೆ ಕಚ್ಚೆ ಸಿಕ್ಸಿ, ಇನ್ನೊಂದನ್ನ ನೆರಿಗೆ ಮಾಡಿ ಮುಂದೆ ಸಿಕ್ಸಿ. ಇನ್ನೊಂದು ದುಪ್ಪಟ್ಟಾ ಸೆರಗು, ಅದನ್ನ ಸೊಂಟಕ್ಕೆ ಬಿಗಿಯಾಗಿ ಕಟ್ಟಿ. ಈಗ ಮುಖ್ಯವಾದ ವಿಷ್ಯ: ಕಚ್ಚೆನ ಲೆಗ್ಗಿಂಗ್ಸ್ ಎಲಾಸ್ಟಿಕ್‌ಗೆ ಸುತ್ತಲೂ ದೊಡ್ಡ ದೊಡ್ಡ ಹೊಲಿಗೆ ಹಾಕ್ಬಿಡಿ. ಯಾಕಂದ್ರೆ ಸ್ಟೇಜ್ ಹಿಂದೆ ಎರಡು ಗಂಟೆ ಕಾಯೋವಾಗ ಮಗು ಟಾಯ್ಲೆಟ್ ಅಂದೇ ಅನ್ನುತ್ತೆ, ಆಗ ಇಡೀ ಕಚ್ಚೆ ಪ್ಯಾಂಟ್ ತರ ಇಳ್ಸಿ ಮತ್ತೆ ಏರಿಸಬಹುದು.

ಒನಕೆಗೆ ಬಟ್ಟೆ ಅಂಗಡೀಲಿ ಕೇಳಿ ನೋಡಿ, ಥಾನು ಸುತ್ತಿರೋ ರಟ್ಟಿನ ಕೊಳವೆ ಖಾಲಿಯಾದ್ರೆ ಸುಮ್ನೆ ಕೊಟ್ಬಿಡ್ತಾರೆ. ಮಗುವಿನ ಭುಜದಷ್ಟು ಎತ್ತರಕ್ಕೆ ಕಟ್ ಮಾಡಿ, ಹಳೇ ನ್ಯೂಸ್‌ಪೇಪರ್ ಮೈದಾ ಅಂಟಲ್ಲಿ ಎರಡು ಸುತ್ತು ಅಂಟ್ಸಿ, ಚೆನ್ನಾಗಿ ಒಣಗಿದ್ಮೇಲೆ ಕಂದು ಬಣ್ಣ ಬಳೀರಿ. ಅಂಟಿಗೆ ಎರಡು ಚಮಚ ಮೈದಾನ ಒಂದು ಲೋಟ ತಣ್ಣೀರಲ್ಲಿ ಗಂಟಿಲ್ದಂಗೆ ಕಲಸಿ ಸಣ್ಣ ಉರೀಲಿ ಗಟ್ಟಿಯಾಗೋವರೆಗೂ ತಿರುಗಿಸ್ತಾ ಇದ್ರೆ ಆಯ್ತು. ನಿಜವಾದ ಒನಕೆ ತುದೀಲಿ ಕಬ್ಬಿಣದ ಬಳೆ ಇರುತ್ತಲ್ಲ, ಅಲ್ಲಿಗೆ ಚಪಾತಿ ಸುತ್ತೋ ಫಾಯಿಲ್ ಸುತ್ತಿ, ದೂರದಿಂದ ನೋಡೋ ಜಡ್ಜ್‌ಗೆ ಅದೇ ಎದ್ದು ಕಾಣೋದು.

ಗಂಡು ಮಕ್ಳಿಗೆ ಸಂಗೊಳ್ಳಿ ರಾಯಣ್ಣ. ಹುಟ್ಟಿದ್ದು 1798ರ ಆಗಸ್ಟ್ 15, ನಂದಗಡದಲ್ಲಿ ಗಲ್ಲಿಗೆ ಹಾಕಿದ್ದು 1831ರ ಜನವರಿ 26, ಹಂಗಾಗಿ ಎರಡೂ ಧ್ವಜಾರೋಹಣದ ದಿನಕ್ಕೂ ಒಂದೇ ಡ್ರೆಸ್ ನಡೆಯುತ್ತೆ. ಅಪ್ಪನ ಪಂಚೆ ಮಡಚಿ ಕಚ್ಚೆ, ಬಿಳಿ ಜುಬ್ಬಾ, ಸೊಂಟಕ್ಕೆ ಕೆಂಪು ಶಲ್ಯ. ರುಮಾಲು ಮಾತ್ರ ಬರೀ ತಲೆಗೆ ಕಟ್ಬೇಡಿ, ಜಾರುತ್ತೆ. ಹಳೇ ಟೋಪಿ ಮೇಲೆ ಸುತ್ತಿ ಅಲ್ಲಲ್ಲಿ ಹೊಲಿದಿಟ್ರೆ ಬೇಕಾದಾಗ ತೆಗ್ದು ಬೇಕಾದಾಗ ಹಾಕ್ಬಹುದು. ಕತ್ತಿಗೆ ರಟ್ಟಿನ ಡಬ್ಬ ಕಟ್ ಮಾಡಿ ಎರಡು ಪದರ ಅಂಟ್ಸಿ, ಮಧ್ಯದಲ್ಲಿ ಎರಡು ಮೂರು ತೆಂಗಿನ ಕಡ್ಡಿ ಇಟ್ರೆ ಬಗ್ಗಲ್ಲ, ಆದ್ರೆ ಕಡ್ಡಿ ತುದಿ ರಟ್ಟಿನಿಂದ ಆಚೆ ಬರಬಾರ್ದು. ಮೇಲೆ ಅದೇ ಫಾಯಿಲ್. ಮೀಸೆ ಕಾಡಿಗೇಲಿ ಬರೀರಿ, ಅಂಟ್ಸೋ ಮೀಸೆ ಬೇಡ, ಮಕ್ಳು ಕಿತ್ತು ಹಾಕ್ತಾರೆ.

ಕೃಷ್ಣ ಅಂತೂ ಸುಲಭ. ವರಮಹಾಲಕ್ಷ್ಮಿ ಹಬ್ಬ ಆಗಿ ಒಂದೆರಡು ವಾರಕ್ಕೆ ಅಷ್ಟಮಿ ಬರುತ್ತೆ, ಅಮ್ಮನೋರಿಗೆ ಹಾಕಿದ ಸರ, ಡಾಬು ಎಲ್ಲಾ ಇನ್ನೂ ಕೈಗೆ ಸಿಗೋ ಜಾಗದಲ್ಲೇ ಇರುತ್ತೆ, ಅತ್ತೇನ ಒಂದು ಮಾತು ಕೇಳಿ ತಗೊಳ್ಳಿ ಅಷ್ಟೆ. ಕಿರೀಟಕ್ಕೆ ದಾರದಲ್ಲಿ ತಲೆ ಸುತ್ತಳತೆ ತಗೊಂಡು ಎರಡಿಂಚು ಜಾಸ್ತಿ ಬಿಟ್ಟು ಇನ್ವಿಟೇಷನ್ ಕಾರ್ಡ್ ರಟ್ಟು ಕಟ್ ಮಾಡಿ. ಮದ್ವೆ ಕಾರ್ಡಲ್ಲಿ ಚಿನ್ನದ ಬಣ್ಣದ ಡಿಸೈನ್ ಹೇಗೂ ಇರುತ್ತೆ, ಅದನ್ನೇ ಮುಂದಕ್ಕೆ ಬರೋ ತರ ಜೋಡ್ಸಿ, ಒಳಗಡೆ ಹಣೆಗೆ ತಾಗೋ ಕಡೆ ಮೆತ್ತನೆ ಬಟ್ಟೆ ಪಟ್ಟಿ ಅಂಟ್ಸಿ, ಇಲ್ಲಾಂದ್ರೆ ಗೀರಿ ಅಳು ಶುರು. ಮೈಗೆ ನೀಲಿ ಪೋಸ್ಟರ್ ಕಲರ್ ಬಳೀಲೇಬೇಡಿ, ತುರಿಕೆ ಬಂದ್ರೆ ಕಷ್ಟ. ನೀಲಿ ಫುಲ್ ಕೈ ಟೀ ಶರ್ಟ್ ಇದ್ರೆ ಅದೇ ಮೈಬಣ್ಣ.

ದುಡ್ಡು ಖರ್ಚು ಮಾಡ್ಲೇಬೇಕು ಅಂದ್ರೆ ಒಂದೇ ವಸ್ತುಗೆ ಮಾಡಿ, ಕೃಷ್ಣಂಗೆ ನವಿಲುಗರಿ, ರಾಯಣ್ಣಂಗೆ ಒಳ್ಳೆ ಜರಿ ಅಂಚು, ಗ್ರಂಧಿಗೆ ಅಂಗಡೀಲೋ ಫ್ಯಾನ್ಸಿ ಸ್ಟೋರಲ್ಲೋ ಕಮ್ಮೀಲೇ ಸಿಗುತ್ತೆ. ಹಿಂದಿನ ದಿನ ಸಂಜೆ ಪೂರ್ತಿ ಹಾಕ್ಸಿ ಅರ್ಧ ಗಂಟೆ ಆಟ ಆಡೋಕೆ ಬಿಡಿ, ಎಲ್ಲಿ ಬಿಚ್ಚುತ್ತೆ ಎಲ್ಲಿ ಚುಚ್ಚುತ್ತೆ ಆಗ್ಲೇ ಗೊತ್ತಾಗುತ್ತೆ. ಸ್ಕೂಲಿಗೆ ಹೋಗೋವಾಗ ಬ್ಯಾಗಲ್ಲಿ ಪಿನ್ನು, ಸೂಜಿ ದಾರ, ಕಾಡಿಗೆ ಡಬ್ಬಿ ಇರ್ಲಿ, ಮನೆಗೆ ಬಂದ್ಮೇಲೆ ಮೀಸೆಗೆ ಕೊಬ್ರಿ ಎಣ್ಣೆ ಹಚ್ಚಿ ಒರೆಸಿದ್ರೆ ಹೋಗುತ್ತೆ.