ಹಾಲ್ ಟಿಕೆಟ್ ಇಲ್ಲದ ಯೂನಿವರ್ಸಿಟಿ: ಜರ್ಮನಿಗೆ ಹೊರಟ ನಮ್ಮ ಕಡೆಯ ಹುಡುಗರಿಗೆ

ಜರ್ಮನಿಯಲ್ಲಿ ಓದಿದ ನಾನು ಹೋದ ರಜೆಯಲ್ಲಿ ಕಲಬುರಗಿಗೆ ಬಂದಾಗ ನಮ್ಮ ಓಣಿಯ ಕಾಕಾ ಒಬ್ಬರು ಮಗಳನ್ನು ಕರಕೊಂಡು ಮನೆಗೆ ಬಂದರು. ಆಕೆಗೆ ಜರ್ಮನಿಯ ಒಂದು ದೊಡ್ಡ ಸರ್ಕಾರಿ ಯೂನಿವರ್ಸಿಟಿಯಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿತ್ತು. ಚಹಾ ಮುಗಿಯುವ ತನಕ ಕಾಕಾ ಸುಮ್ಮನಿದ್ದರು. ಆಮೇಲೆ ದನಿ ಇಳಿಸಿ ಕೇಳಿದರು: “ತಮ್ಮಾ, ಫೀಸೇ ಇಲ್ಲಂತಲ್ಲ? ಪುಕ್ಕಟ ಕಾಲೇಜು ಚಲೋ ಇರ್ತದೇನು?”

ಡೊನೇಷನ್ ಎಷ್ಟೋ ಕಾಲೇಜು ಅಷ್ಟು ದೊಡ್ಡದು ಅನ್ನುವ ಲೆಕ್ಕದಲ್ಲಿ ಬೆಳೆದವರಿಗೆ ಈ ಅನುಮಾನ ಬರುವುದೇ. ಜರ್ಮನಿಯಲ್ಲಿ ಹೆಸರುವಾಸಿ ಯೂನಿವರ್ಸಿಟಿಗಳು ಹೆಚ್ಚಿನವು ಸರ್ಕಾರದವೇ, ಅಲ್ಲಿಯ ಜನರ ತೆರಿಗೆಯಲ್ಲಿ ನಡೆಯುವಂಥವು. ಪೂರ್ತಿ ಪುಕ್ಕಟೆ ಅಂತಲೂ ಅಲ್ಲ. ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯ 2017ರಿಂದ ನಮ್ಮಂಥ ಹೊರಗಿನವರಿಂದ ಸೆಮಿಸ್ಟರಿಗೆ 1,500 ಯೂರೊ ತೆಗೆದುಕೊಳ್ಳುತ್ತದೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರ ಚಳಿಗಾಲದ ಸೆಮಿಸ್ಟರಿನಿಂದ ಫೀಸು ಶುರು ಮಾಡಿದೆ. ಮಾಸ್ಟರ್ಸ್‌ಗೆ ಸೆಮಿಸ್ಟರಿಗೆ 4,000ದಿಂದ 6,000 ಯೂರೊ. ಉಳಿದ ಕಡೆ ಬಹುತೇಕ ಸೆಮಿಸ್ಟರ್ ವಂತಿಗೆ ಅಷ್ಟೇ, ಊರಿಂದ ಊರಿಗೆ ಬೇರೆ ಬೇರೆ. ಎಷ್ಟೋ ಊರಲ್ಲಿ ರೈಲು-ಬಸ್ಸಿನ ಪಾಸೂ ಅದರೊಳಗೇ ಬರುತ್ತದೆ.

ನಿಜವಾದ ಖರ್ಚು ಹೊಟ್ಟೆಗೆ ಮತ್ತು ರೂಮಿಗೆ. ಅದಕ್ಕೇ ವೀಸಾಕ್ಕೆ ಮೊದಲೇ ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಅಂತ ತೆಗೆಯಬಹುದಾದ ಖಾತೆಯಲ್ಲಿ, ರೊಕ್ಕ ಇಡಬೇಕು. 2024ರ ಸೆಪ್ಟೆಂಬರ್‌ನಿಂದ ವರ್ಷಕ್ಕೆ 11,904 ಯೂರೊ, ಕೈಗೆ ಬರುವುದು ತಿಂಗಳಿಗೆ 992. ಅದು ಫೀಸಲ್ಲ, ನಿಮ್ಮದೇ ದುಡ್ಡು. ಇಷ್ಟು ಹೇಳಿದ ಮೇಲೆ ಕಾಕಾನ ಮುಖ ಸ್ವಲ್ಪ ಸಡಿಲಾಯಿತು. ಅಂಕಪಟ್ಟಿ ಪರಿಶೀಲಿಸುವ ಎ.ಪಿ.ಎಸ್. ಪ್ರಮಾಣಪತ್ರ ಭಾರತದವರಿಗೆ 2022ರ ನವೆಂಬರಿನಿಂದ ಕಡ್ಡಾಯವಾಗಿದೆ. ಕಲ್ಯಾಣ ಕರ್ನಾಟಕದ ಮೀಸಲಾತಿಯ 371ಜೆ ಸರ್ಟಿಫಿಕೇಟು ಮಾಡಿಸಿದ ಅನುಭವ ಇದ್ದವರಿಗೆ ಈ ಕಾಗದಗಳ ಹೆದರಿಕೆ ಹೇಳಬೇಕಾಗಿಲ್ಲ. ಬೇಗ ಶುರು ಮಾಡಿ ಅಂದರೆ ಸಾಕು.

ನಾನು ಹೇಳಬೇಕೆಂದಿದ್ದು ಬೇರೆಯೇ. ನಮ್ಮ ಕಾಲೇಜು ನಮ್ಮ ಬೆನ್ನು ಹತ್ತುತ್ತದೆ. ಹಾಜರಾತಿ ಕಡಿಮೆಯಾದರೆ ನೋಟೀಸು, ಇಂಟರ್ನಲ್ಸ್ ಬರೆಯದಿದ್ದರೆ ಎಚ್.ಒ.ಡಿ. ಕರೆಯುತ್ತಾರೆ, ಜಾಸ್ತಿ ಆದರೆ ಅಪ್ಪನಿಗೇ ಫೋನು. ಪರೀಕ್ಷಾ ಶುಲ್ಕದ ಕೊನೇ ದಿನ ಕ್ಲಾಸಿಗೇ ಬಂದು ಹೇಳಿ ಹೋಗುತ್ತಾರೆ. ಅಲ್ಲಿ ಇದ್ಯಾವುದೂ ಇಲ್ಲ. ಲೆಕ್ಚರಿಗೆ ಬನ್ನಿ ಬಿಡಿ, ಹೆಚ್ಚಿನ ಕೋರ್ಸುಗಳಲ್ಲಿ ಹಾಜರಿಯನ್ನೇ ಕರೆಯುವುದಿಲ್ಲ. ಮುನ್ನೂರು ಜನರ ಹಾಲಿನಲ್ಲಿ ನೀವು ಇಲ್ಲದ್ದು ಪ್ರೊಫೆಸರಿಗೆ ಗೊತ್ತೂ ಆಗುವುದಿಲ್ಲ. ಮೊದಲ ತಿಂಗಳು ಇದು ಸ್ವರ್ಗ ಅನಿಸುತ್ತದೆ. ನನಗೂ ಅನಿಸಿತ್ತು.

ನನ್ನ ಮೊದಲ ಸೆಮಿಸ್ಟರ್ ಅಕ್ಟೋಬರಿನಲ್ಲಿ ಶುರುವಾಯಿತು. ಒಂದು ವಿಷಯಕ್ಕೆ ಪ್ರತಿ ಲೆಕ್ಚರಿಗೂ ಹೋದೆ, ವಾರ ವಾರ ಕೊಡುವ ಲೆಕ್ಕದ ಹಾಳೆಗಳನ್ನು ಬಿಡಿಸಿ ಒಪ್ಪಿಸಿದೆ. ಫೆಬ್ರವರಿಯಲ್ಲಿ ಪರೀಕ್ಷೆಯ ದಿನ ಪೆನ್ನು, ಐ.ಡಿ. ಕಾರ್ಡು ಹಿಡಿದು ಹಾಲಿನ ಬಾಗಿಲಿಗೆ ಹೋದರೆ, ಒಬ್ಬ ಹೆಂಗಸು ಪಟ್ಟಿಯ ಮೇಲೆ ಸ್ಕೇಲು ಇಟ್ಟು ಒಂದೊಂದೇ ಸಾಲು ಕೆಳಗೆ ಸರಿಸುತ್ತಾ ಹೋದಳು. ಎರಡು ಸಲ ಸರಿಸಿದಳು. ನನ್ನ ಹೆಸರಿಲ್ಲ. “ನೋಂದಣಿ ಮಾಡಿದ್ದೀರಾ?” ಅಂದಳು. ಕೋರ್ಸಿಗೆ ಮಾಡಿದ್ದೆ. ಪರೀಕ್ಷೆಗೆ ಬೇರೆ ನೋಂದಣಿ ಅಂತ ಇದೆ, ಅದರ ಕಿಟಕಿ ಡಿಸೆಂಬರಿನಲ್ಲೇ ತೆರೆದು ಮುಚ್ಚಿಹೋಗಿದೆ ಅನ್ನುವುದು ನನಗೆ ತಿಳಿದೇ ಇರಲಿಲ್ಲ. ಹಾಲ್ ಟಿಕೆಟ್ ಯಾರಾದರೂ ಕೊಟ್ಟೇ ಕೊಡುತ್ತಾರೆ ಅಂತ ಕಾದವನು ನಾನು. ಜಗಳವಿಲ್ಲ, ದಂಡ ಕಟ್ಟಿ ಒಳಗೆ ಬಿಡುವ ಪದ್ಧತಿಯೂ ಇಲ್ಲ. ಆಕೆ ಭಾಳ ಮರ್ಯಾದೆಯಿಂದಲೇ “ಮುಂದಿನ ಸಲ” ಅಂದಳು. ಹೊರಗೆ ಬಂದು ಹಿಮದ ಮೇಲೆ ನಿಂತೆ. ಆರು ತಿಂಗಳು ಹೋಯಿತು.

ಹಾಗಾಗಿ ಸೆಮಿಸ್ಟರ್ ಶುರುವಾದ ವಾರವೇ ನಿಮ್ಮ ಕೋರ್ಸಿನ ಪರೀಕ್ಷಾ ನಿಯಮಾವಳಿ ಓದಿ. ‘ಪ್ರ್ಯೂಫುಂಗ್ಸ್‌ಓರ್ಡ್‌ನುಂಗ್’ ಅನ್ನುತ್ತಾರೆ, ನಾಲಿಗೆ ಹೊರಳದಿದ್ದರೂ ಪರವಾಗಿಲ್ಲ. ಎಷ್ಟೋ ಸಲ ಜರ್ಮನ್‌ನಲ್ಲೇ ಇರುತ್ತದೆ. ಮೊಬೈಲಿನಲ್ಲಿ ಅನುವಾದ ಮಾಡಿಕೊಂಡಾದರೂ ಓದಿ, ಸೀನಿಯರ್ ಹೇಳಿದ್ದನ್ನು ನಂಬಬೇಡಿ. ಅವನು ಬಂದ ವರ್ಷದ ನಿಯಮ ಬೇರೆ ಇದ್ದಿರಬಹುದು. ನೋಂದಣಿ ಯಾವಾಗ, ಹೆಸರು ಹಿಂತೆಗೆದುಕೊಳ್ಳಲು ಎಂದಿನವರೆಗೆ ಅವಕಾಶ, ಎಷ್ಟು ಸಲ ಬರೆಯಬಹುದು, ಈ ಮೂರನ್ನು ಹುಡುಕಿ ಗೋಡೆಗೆ ಅಂಟಿಸಿ.

ಮೂರನೆಯದು ಎಲ್ಲಕ್ಕಿಂತ ಗಂಭೀರ. ನಮ್ಮಲ್ಲಿ ಬ್ಯಾಕ್ ಉಳಿದರೆ ವರ್ಷಗಟ್ಟಲೆ ಬರೆಯುತ್ತಾ ಹೋಗಬಹುದು, ಮದುವೆಯಾದ ಮೇಲೂ ಬರೆದು ಮುಗಿಸಿದವರು ನಮ್ಮ ಓಣಿಯಲ್ಲೇ ಇದ್ದಾರೆ. ಅಲ್ಲಿ ಬಹಳ ಕಡೆ ಒಂದು ಪರೀಕ್ಷೆಗೆ ಮೂರೇ ಅವಕಾಶ. ಕಡ್ಡಾಯ ವಿಷಯದಲ್ಲಿ ಮೂರೂ ಹೋದರೆ ಕೋರ್ಸಿನಿಂದಲೇ ಹೊರಗೆ; ಅದೇ ಕೋರ್ಸಿಗೆ ದೇಶದ ಬೇರೆ ಯೂನಿವರ್ಸಿಟಿಯಲ್ಲೂ ಸಾಮಾನ್ಯವಾಗಿ ಬಾಗಿಲು ಮುಚ್ಚುತ್ತದೆ. ನಿಮ್ಮ ವೀಸಾ ನಿಂತಿರುವುದೇ ಓದಿನ ಮೇಲೆ. ಹೆಸರು ಕೊಟ್ಟು ಕಾರಣವಿಲ್ಲದೆ ಹೋಗದಿದ್ದರೆ ಅದೂ ಫೇಲು, ಒಂದು ಅವಕಾಶ ಖರ್ಚು. ಜ್ವರ ಬಂದರೆ ಅಂದೇ ಡಾಕ್ಟರ ಹತ್ತಿರ ಹೋಗಿ ಚೀಟಿ ತಂದು ಪರೀಕ್ಷಾ ಕಚೇರಿಗೆ ಕೊಡಬೇಕು. ಗುಳಿಗೆ ನುಂಗಿ ಹೊದ್ದು ಮಲಗಿ, ವಾರ ಬಿಟ್ಟು ಹೇಳಿದರೆ ಕೇಳುವವರಿಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಪಾಸಾದ ಪರೀಕ್ಷೆಯನ್ನು ಅಂಕ ಏರಿಸಿಕೊಳ್ಳಲು ಮತ್ತೆ ಬರೆಯಲು ಸಾಮಾನ್ಯವಾಗಿ ಬಿಡುವುದಿಲ್ಲ. ತಯಾರಿ ಅರ್ಧಂಬರ್ಧ ಅನಿಸಿದರೆ ಗಡುವಿನೊಳಗೆ ಹೆಸರು ಹಿಂತೆಗೆದುಕೊಳ್ಳುವುದೇ ಜಾಣತನ. ಇದನ್ನು ಅಪ್ಪನಿಗೆ ತಿಳಿಸಿ ಹೇಳುವುದು ಕಷ್ಟ. ‘ಪರೀಕ್ಷಾ ಬಿಟ್ಟಿ?’ ಅಂತ ನಮ್ಮಪ್ಪ ಎರಡು ದಿನ ಮಾತು ಬಿಟ್ಟಿದ್ದರು.

ಅಂಕದ ಲೆಕ್ಕವೂ ತಿರುಗಾಮುರುಗಾ. 1.0 ಅಂದರೆ ಅತ್ಯುತ್ತಮ, 4.0ಗೆ ಪಾಸು, 5.0 ಫೇಲು. ನಮ್ಮ ಅಂಕವನ್ನು ಅವರ ಅಂಕಕ್ಕೆ ತರಲು ಒಂದು ಸೂತ್ರ ಇದೆ: ಗರಿಷ್ಠದಿಂದ ನಿಮ್ಮ ಅಂಕ ಕಳೆದು, ಗರಿಷ್ಠ-ಪಾಸುಗಳ ಅಂತರದಿಂದ ಭಾಗಿಸಿ, 3ರಿಂದ ಗುಣಿಸಿ, 1 ಕೂಡಿಸಿ. ಹತ್ತಕ್ಕೆ 8 ಸಿ.ಜಿ.ಪಿ.ಎ., ಪಾಸು 4 ಇದ್ದರೆ 2.0 ಬರುತ್ತದೆ. ಇಲ್ಲಿ ಡಿಸ್ಟಿಂಕ್ಷನ್ ತಗೊಂಡವರು ಅಲ್ಲಿ 2.7 ಬಂತು ಅಂತ ಅಳುವುದನ್ನು ನೋಡಿದ್ದೇನೆ. ಅಳಬೇಡಿ, ಕೆಟ್ಟ ಅಂಕವಲ್ಲ ಅದು.

ಒಳ್ಳೆಯ ಸಂಗತಿಗಳೂ ಇವೆ. ತಿದ್ದಿದ ಉತ್ತರ ಪತ್ರಿಕೆ ನೋಡುವ ದಿನ ಗೊತ್ತುಮಾಡುತ್ತಾರೆ, ‘ಐನ್‌ಸಿಶ್ಟ್’ ಅಂತ. ರೀವ್ಯಾಲ್ಯೂಯೇಷನ್ ಫೀಸು ಕಟ್ಟಿ ತಿಂಗಳುಗಟ್ಟಲೆ ಕಾಯುವ ಮಾತಿಲ್ಲ. ಪತ್ರಿಕೆ ನಿಮ್ಮ ಕೈಯಲ್ಲಿ, ತಿದ್ದಿದವರು ಎದುರಿಗೆ. ಕೂಡಿಸಿದ್ದು ತಪ್ಪಿದ್ದರೆ ಅಲ್ಲೇ ತೋರಿಸಿ. ಪಾಸಾದವರೂ ಹೋಗಬೇಕು, ನಮ್ಮವರು ಸಂಕೋಚಪಟ್ಟು ಹೋಗುವುದೇ ಇಲ್ಲ. ಹಳೇ ಪ್ರಶ್ನೆಪತ್ರಿಕೆಗೆ ಇಲ್ಲಿ ಝೆರಾಕ್ಸ್ ಅಂಗಡಿ ಇದ್ದ ಹಾಗೆ ಅಲ್ಲಿ ಪ್ರತಿ ವಿಭಾಗದ ವಿದ್ಯಾರ್ಥಿ ಸಂಘ ‘ಫಾಖ್‌ಶಾಫ್ಟ್’ ಇರುತ್ತದೆ. ಅವರ ಹತ್ತಿರ ಕೇಳಿ. ಲೆಕ್ಚರ್ ಮುಗಿದಾಗ ಎಲ್ಲರೂ ಬೆಂಚಿನ ಮೇಲೆ ಗೆಣ್ಣಿನಿಂದ ಟಕಟಕ ಕುಟ್ಟುತ್ತಾರೆ. ಗದ್ದಲ ಅಲ್ಲ, ಚಪ್ಪಾಳೆ. ಹತ್ತು ಗಂಟೆ ‘ಸಿ.ಟಿ.’ ಅಂತ ಬರೆದಿದ್ದರೆ ಕ್ಲಾಸು ಹತ್ತೂಕಾಲಿಗೆ.

ಕೆಲಸದ ಬಗ್ಗೆ ಕಾಕಾ ಕೇಳಿದರು. 2024ರ ಮಾರ್ಚಿನಿಂದ ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ದುಡಿಯಬಹುದು. ಗೋದಾಮಿನ ರಾತ್ರಿ ಪಾಳಿಗಿಂತ ವಿಭಾಗದಲ್ಲೇ ‘ಹಿವಿ’ ಅನ್ನುವ ಸಹಾಯಕ ಕೆಲಸ ಹುಡುಕಿ; ದುಡ್ಡು ಸ್ವಲ್ಪ ಕಡಿಮೆಯಾದರೂ ಪ್ರೊಫೆಸರ್ ನಿಮ್ಮ ಹೆಸರು ಕಲಿಯುತ್ತಾರೆ. ಊಟಕ್ಕೆ ‘ಮೆನ್ಸಾ’ ಅನ್ನುವ ಯೂನಿವರ್ಸಿಟಿ ಕ್ಯಾಂಟೀನು ಇದೆ, ಅಡುಗೆ ಸಪ್ಪೆ. ಶೇಂಗಾ ಹಿಂಡಿ, ಕಡಕ್ ರೊಟ್ಟಿ ಒಯ್ಯಿರಿ. ತುಪ್ಪ, ಪೇಡಾ ಬೇಡ. ಯೂರೋಪಿನ ಹೊರಗಿಂದ ಹಾಲಿನ ಪದಾರ್ಥ ತರುವುದು ಅಲ್ಲಿ ನಿಷಿದ್ಧ.

ಪ್ರತಿ ಸೆಮಿಸ್ಟರಿಗೂ ವಂತಿಗೆ ಕಟ್ಟಿ ಹೆಸರು ನವೀಕರಿಸಬೇಕು. ಗಡುವು ಮೀರಿದರೆ ಹೆಸರು ತೆಗೆದು ಹಾಕುತ್ತಾರೆ, ಆ ಸುದ್ದಿಯೂ ಅಂಚೆಯಲ್ಲೇ ಬರಬಹುದು. ಬ್ಯಾಂಕಿನ ಪಿನ್ ನಂಬರು, ಇನ್ಶೂರೆನ್ಸಿನ ಕಾರ್ಡು, ಎಲ್ಲಕ್ಕೂ ಅಂಚೆಯೇ. ರೂಮಿಗೆ ಹೋದ ಮೊದಲ ದಿನ, ಸೂಟ್‌ಕೇಸು ಬಿಚ್ಚುವ ಮುಂಚೆ, ಕೆಳಗಿನ ಪತ್ರದ ಡಬ್ಬಿಯ ಮೇಲೆ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಹೆಸರು ಬರೆದು ಅಂಟಿಸಿ. ಹೆಸರಿಲ್ಲದ ಡಬ್ಬಿಗೆ ಅಂಚೆಯವನು ಪತ್ರ ಹಾಕುವುದಿಲ್ಲ, ವಾಪಸ್ ಒಯ್ಯುತ್ತಾನೆ. ಕಾಕಾನ ಮಗಳು ಇದೊಂದನ್ನು ಮಾತ್ರ ಮೊಬೈಲಿನಲ್ಲಿ ಬರಕೊಳ್ಳಲಿಲ್ಲ, ಅಂಗೈ ಮೇಲೆ ಪೆನ್ನಿನಿಂದ ಬರಕೊಂಡಳು.