ಬರಿ ಅಂಗೈ

ದೇವರ ಮೇಲಿನ ನಂಬಿಕೆ ಬಿಟ್ಟುಹೋದ ಮೇಲೆ ಬಹಳ ವರ್ಷ ನನ್ನನ್ನು ಕಾಡಿದ್ದು ಬೆಳಗಿನ ಅರ್ಧ ಗಂಟೆ. ಕಲಬುರಗಿಯ ನಮ್ಮ ಮನೆಯಲ್ಲಿ ಅವ್ವ ಇಂದಿಗೂ ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟುಕೊಂಡು ರೆಪ್ಪೆ ಮಿಟುಕಿಸದೆ ಕೂರುತ್ತಾಳೆ. ನಾನೂ ಹಾಗೆ ಕುಳಿತವನೇ. ನಂಬದೆ ಲಿಂಗ ಹಿಡಿಯುವುದು ಅವಳಿಗೆ ಮಾಡುವ ಮೋಸವೆನಿಸಿ ಬಿಟ್ಟೆ.

ಮತ್ತೆ ಕೂರುವ ಮನಸ್ಸಾದದ್ದು ನಮ್ಮ ಜಿಲ್ಲೆಯ ಕನಗನಹಳ್ಳಿಯಲ್ಲಿ. ಪಕ್ಕದ ಸನ್ನತಿಯಲ್ಲಿ 1986ರಲ್ಲಿ ಕಾಳಿ ಗುಡಿಯ ಛಾವಣಿ ಕುಸಿದಾಗ, ವಿಗ್ರಹದ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನವಿರುವುದು ತಿಳಿಯಿತು. ಮುಂದೆ 1990ರ ದಶಕದ ಉತ್ಖನನದಲ್ಲಿ ಕನಗನಹಳ್ಳಿಯ ಬೌದ್ಧ ಮಹಾಸ್ತೂಪ ಮೇಲೆದ್ದಿತು. ಬಂದವರೆಲ್ಲ ಅಶೋಕನ ಶಿಲ್ಪ ಹುಡುಕುತ್ತಾರೆ. ನಾನು ನಿಂತುಬಿಟ್ಟದ್ದು ಬುದ್ಧಪಾದದ ಎದುರು. ಸುಣ್ಣಗಲ್ಲಿನಲ್ಲಿ ಎರಡು ಪಾದ. ಅವುಗಳ ಮೇಲೆ ಯಾರೂ ಇಲ್ಲ.

ಮರುದಿನವೇ ಶುರು ಮಾಡಿದೆ. ಬೆಳಗಿನ ಜಾವ ಶಹಾಬಾದ್ ಕಲ್ಲಿನ ನೆಲದ ಮೇಲೆ ಚಾಪೆ ಮಡಚಿ ಕೂರುತ್ತೇನೆ. ಮೂಗಿನ ಹೊಳ್ಳೆಗೆ ಉಸಿರು ತಾಗುವ ಕಡೆ ಗಮನವಿಟ್ಟು, ಹೊರಹೋಗುವ ಉಸಿರನ್ನು ಒಂದರಿಂದ ಹತ್ತರವರೆಗೆ ಎಣಿಸುತ್ತೇನೆ. ತಪ್ಪಿದರೆ ಮತ್ತೆ ಒಂದು. ಮೊದಲ ಎರಡು ತಿಂಗಳು ನಾಲ್ಕು ದಾಟಿದ್ದೇ ಅಪರೂಪ.

ಮೇ ತಿಂಗಳ ಒಂದು ಮುಂಜಾನೆ ಕರೆಂಟ್ ಹೋಗಿ ಫ್ಯಾನ್ ನಿಂತಿತು. ಪಕ್ಕದ ಮನೆಯಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದರು. ತಪ್, ತಪ್, ತಪ್. ಸದ್ದಿತ್ತು, ಅದನ್ನು ಕೇಳುತ್ತಿರುವ ನಾನೆಂಬುವನು ಎಲ್ಲಿದ್ದಾನೆಂದು ಹುಡುಕಿದರೆ ಸಿಗಲೇ ಇಲ್ಲ. ಸದ್ದು, ಕತ್ತಿನ ಬೆವರು, ಹಿಮ್ಮಡಿಗೆ ತಾಗಿದ ಕಲ್ಲಿನ ತಂಪು ಎಲ್ಲ ಒಂದಾಗಿದ್ದವು. ಎಷ್ಟು ಹೊತ್ತೋ ತಿಳಿಯದು. ಕಣ್ಣು ತೆರೆದಾಗ ಕೆನ್ನೆ ಒದ್ದೆಯಾಗಿತ್ತು. ಶರಣರು ಬಯಲು, ಅಂದರೆ ಶೂನ್ಯ, ಎಂದದ್ದು ಇದನ್ನೇ ಎನ್ನಲಾರೆ. ಆದರೆ ಆ ಹೊತ್ತಿಗೆ ನಾಲಿಗೆಗೆ ಬಂದದ್ದು ಆ ಮಾತೇ.

ಅದನ್ನು ದೇವರೆಂದು ಕರೆಯಲು ಆಗಲಿಲ್ಲ, ಮಿದುಳಿನ ಭ್ರಮೆಯೆಂದು ತಳ್ಳಿಹಾಕಲೂ ಆಗಲಿಲ್ಲ. ಮತ್ತೆ ಬೇಕೆನಿಸಿತು. ಹಟ ಹಿಡಿದು ದಿನಕ್ಕೆ ಎರಡು ಮೂರು ಗಂಟೆ ಕೂತೆ. ಎದೆ ಡವಗುಟ್ಟತೊಡಗಿತು, ನಿದ್ದೆ ಕೆಟ್ಟಿತು, ಮನೆಯವರೇ ಗಾಜಿನಾಚೆ ಇರುವಂತೆ ಕಂಡರು. ಹೊಸದಾಗಿ ಕೂರುವವರಿಗೆ ಕೈಮುಗಿದು ಹೇಳುತ್ತೇನೆ: ಹೀಗಾದರೆ ಅಲ್ಲಿಗೇ ನಿಲ್ಲಿಸಿ, ನಡೆದಾಡಿ, ಹೊಟ್ಟೆ ತುಂಬ ಉಣ್ಣಿ, ಕಡಿಮೆಯಾಗದಿದ್ದರೆ ವೈದ್ಯರನ್ನು ಕಾಣಿ. ನಾನು ಇಪ್ಪತ್ತು ನಿಮಿಷಕ್ಕೆ ಇಳಿಸಿದೆ. ಆ ಮುಂಜಾನೆಯಂಥದ್ದು ಆಮೇಲೆ ಒಮ್ಮೆ ಮಾತ್ರ ಬಂದಿದೆ, ಅದೂ ಅರೆಕ್ಷಣ.

"ಯಾರನ್ನು ನೆನೆಯುತ್ತೀಯಪ್ಪಾ?" ಎಂದು ಅವ್ವ ಕೇಳಿದಳು.

"ಯಾರನ್ನೂ ಇಲ್ಲವ್ವ, ಉಸಿರು ನೋಡುತ್ತೇನೆ."

ಅವಳು ಏನೂ ಅನ್ನಲಿಲ್ಲ. ಮರುದಿನ ಪೂಜೆಗೆ ಕೂರುವಾಗ ತನ್ನ ಚಾಪೆಯನ್ನು ಗೋಡೆಯ ಕಡೆಗೆ ಸರಿಸಿಕೊಂಡು, ನನ್ನ ಚಾಪೆಯನ್ನು ಪಕ್ಕದಲ್ಲಿ ಹಾಸಿದ್ದಳು.