ಪ್ರಾಣಿಗಳು ಕೆದರಿದ ಗುಂಡಿಗಳನ್ನು ಮುಚ್ಚದಿರಿ, ಅವುಗಳಲ್ಲೇ ಬೀಜ ಹಾಕಿ

ಮೇಲ್ಪದರ ಗಟ್ಟಿಗಟ್ಟಿದ ಬರಡು ನೆಲದಲ್ಲಿ ಮತ್ತೆ ಹಸಿರು ಕಾಣಬೇಕೆಂದಿದ್ದರೆ, ಪ್ರಾಣಿಗಳು ಆಹಾರ ಹುಡುಕುತ್ತಾ ಕೆದರಿದ ಸಣ್ಣ ಗುಂಡಿಗಳನ್ನು ಸಮತಟ್ಟು ಮಾಡದೆ, ಮಳೆಗೆ ಮುನ್ನ ಅವುಗಳಲ್ಲೇ ಸ್ಥಳೀಯ ಹುಲ್ಲು ಮತ್ತು ಗಿಡಗಳ ಬೀಜ ಉದುರಿಸಿ, ಪಕ್ಕದ ಸಡಿಲ ಮಣ್ಣನ್ನು ತೆಳುವಾಗಿ ಎಳೆಯಿರಿ. ಗಟ್ಟಿ ಪದರ ಅಲ್ಲಿ ಒಡೆದಿರುವುದರಿಂದ ಹರಿದುಹೋಗಬೇಕಾದ ನೀರು ನಿಂತು ಇಂಗುತ್ತದೆ. ಗಾಳಿ ತಂದ ತರಗೆಲೆ, ಹಿಕ್ಕೆಗಳು ತಳದಲ್ಲಿ ಸೇರಿ ಕೊಳೆತು, ಸುತ್ತಲಿನ ನೆಲ ಒಣಗಿದ ಮೇಲೂ ಗುಂಡಿಯಲ್ಲಿ ತೇವ ಉಳಿಯುತ್ತದೆ. ಆಸ್ಟ್ರೇಲಿಯಾದ ಕ್ವೆಂಡಾ ಎಂಬ ಹೊಟ್ಟೆಚೀಲದ ಪುಟ್ಟ ಪ್ರಾಣಿ ಒಂದೇ ವರ್ಷಕ್ಕೆ ಸುಮಾರು 3.9 ಟನ್ ಮಣ್ಣನ್ನು ಹೊರಳಿಸುತ್ತದೆಂದು ಲೆಕ್ಕ ಹಾಕಲಾಗಿದೆ. ಈ ಕೆಲಸವನ್ನು ಟ್ರ್ಯಾಕ್ಟರಿಗೆ ವಹಿಸಿದರೆ ಉಳಿದಿರುವ ಬೇರುಗಳೂ ಕಿತ್ತುಬರುತ್ತವೆ. ಕೆದರುವ ಪ್ರಾಣಿಗಳೇ ಇಲ್ಲದ ಕಡೆ ಗೆದ್ದಲನ್ನು ಕರೆಯಬಹುದು: ಪಶ್ಚಿಮ ಆಫ್ರಿಕಾದ ಸಹೇಲ್ ಎಂಬ ಒಣಪ್ರದೇಶದ ರೈತರು 'ಜಾಯ್' ಎಂಬ ಬಿತ್ತನೆ ಗುಂಡಿಗಳಿಗೆ ಗೊಬ್ಬರ ತುಂಬುವಂತೆ, ಅಂಗೈ ಆಳದ ಗುಂಡಿಗೆ ಒಣಸಗಣಿ, ಹುಲ್ಲು ಹಾಕಿದರೆ ಗೆದ್ದಲು ಬಂದು ಕೊರೆಯುವ ಸುರಂಗಗಳ ಮೂಲಕ ನೀರು ಆಳಕ್ಕಿಳಿಯುತ್ತದೆ. ಆದರೆ ಸಡಿಲ ಮರಳು ನೆಲದಲ್ಲಿ ಗುಂಡಿ ನಿಲ್ಲುವುದಿಲ್ಲ, ಕಡಿದಾದ ಇಳಿಜಾರಿನಲ್ಲಿ ಕೊರಕಲೇ ಹೆಚ್ಚಬಹುದು, ಕೆರೆ ಏರಿಯ ಬಿಲಗಳಂತೂ ಅಪಾಯಕಾರಿ. ಹೊರಗಿನಿಂದ ಬಂದ ಮೊಲ, ಹಂದಿಗಳು ಮಿತಿಮೀರಿದ ಜಾಗದಲ್ಲಿ ಮೊಳಕೆಯೇ ಉಳಿಯದು. ಪ್ರಾಣಿ ಇನ್ನೂ ವಾಸಿಸುತ್ತಿರುವ ಆಳವಾದ ಬಿಲದ ಬಾಯಿಗೆ ಬೀಜ ಹಾಕಬೇಡಿ; ಹೊಸ ಮಣ್ಣು ಬಿದ್ದು ಬೀಜ ಹೂತುಹೋಗುತ್ತದೆ.